ಮೂವತ್ತಾರು ಚಿತ್ರಗಳ ಮಹಾವ್ರತ

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಕುಳಿತು, ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಒಂದೇ ಒಂದು ಕಾಳು ಗ್ರೇನ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆ, ಕಾಣಿಸದಂತೆ, ಕತ್ತಲಲ್ಲಿ ನಿಂತವರ ಮುಖವೂ ಫಳಫಳ ಹೊಳೆಯುವಂತೆ ಪ್ರೋಗ್ರಾಂ ಬರೆದು ಸಂಬಳ ಎಣಿಸುವ ನಮ್ಮ ಬೆಂಗಳೂರಿನ ತರುಣರು, ಶನಿವಾರ ಬೆಳಕು ಹರಿಯುತ್ತಲೇ ಅದೇ ಗ್ರೇನನ್ನು ಅದೇ ಸಂಬಳದಿಂದ ಕೊಳ್ಳಲು ಹೊರಡುತ್ತಾರೆ. ಕೊರಳಲ್ಲಿ ತಮಗಿಂತ ವಯಸ್ಸಿನಲ್ಲಿ ಹಿರಿಯದಾದ ಒಂದು ಕ್ಯಾಮೆರಾ, ಅದಕ್ಕೆ ಹೊಸದಾಗಿ ಹೊಲಿಸಿದ ಚರ್ಮದ ಪಟ್ಟಿ, ಜೇಬಿನಲ್ಲಿ ಹಳದಿ ಡಬ್ಬಿಯ ಎರಡು ಫಿಲ್ಮ್ ರೋಲು. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಇವರನ್ನು ಗುರುತಿಸುವುದು ಕಷ್ಟವಲ್ಲ. ಬಟನ್ ಒತ್ತಿದೊಡನೆ ಅಭ್ಯಾಸಬಲದಿಂದ ಕ್ಯಾಮೆರಾದ ಬೆನ್ನಿನ ಕಡೆ ಕಣ್ಣು ಹಾಯಿಸುತ್ತಾರೆ; ಅಲ್ಲಿ ಪರದೆಯಿಲ್ಲವೆಂಬುದು ನೆನಪಾಗಿ, ಬೆಳಕನ್ನು ಅಳೆಯುತ್ತಿದ್ದವರಂತೆ ಮುಖ ಗಂಭೀರ ಮಾಡಿಕೊಂಡು ಆಕಾಶ ನೋಡುತ್ತಾರೆ.

ಇವರ ಸಿದ್ಧಾಂತ ಸರಳವಾದದ್ದು. ಮೊಬೈಲಿಗೆ ಮಿತಿಯಿಲ್ಲ, ಆದ್ದರಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ರೋಲಿನಲ್ಲಿ ಇರುವುದು 36 ಫ್ರೇಮು, ಆದ್ದರಿಂದ ಪ್ರತಿ ಫ್ರೇಮಿನಲ್ಲೂ ಧ್ಯಾನವಿದೆ, ಸಂಯಮವಿದೆ, ಎಲ್ಲಕ್ಕಿಂತ ಮಿಗಿಲಾಗಿ ಕಾಯುವ ಸುಖವಿದೆ. ಹತ್ತು ನಿಮಿಷದಲ್ಲಿ ಬರಬೇಕಾದ ಕೊತ್ತಂಬರಿ ಸೊಪ್ಪು ಹನ್ನೆರಡನೆಯ ನಿಮಿಷಕ್ಕೆ ಬಂದರೆ ತಂದುಕೊಟ್ಟ ಹುಡುಗನಿಗೆ ಒಂದೇ ಸ್ಟಾರ್ ಕೊಟ್ಟು ಶಿಕ್ಷಿಸುವವರು, ಎರಡು ವಾರವಾದರೂ ಫೋಟೋ ಬರಲಿಲ್ಲವೆಂದರೆ ಕಣ್ಣು ಮುಚ್ಚಿ ಮುಗುಳ್ನಗುತ್ತಾರೆ. ಕಾಯುವುದೇ ಸುಖವಾಗಿದ್ದರೆ ಈ ಊರಿನಲ್ಲಿ ಅದಕ್ಕೆ ದುಡ್ಡು ಕೊಡುವ ಅಗತ್ಯವೇ ಇರಲಿಲ್ಲ. 2022ರ ಜೂನ್‌ನಲ್ಲಿ ಉಪನಗರ ರೈಲಿಗೆ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಸಾರಿದ ದಿನದಿಂದ ಜನ ಈ ಸುಖವನ್ನು ಪುಕ್ಕಟೆಯಾಗಿ ಅನುಭವಿಸುತ್ತ ಬಂದಿದ್ದಾರೆ. ಅದನ್ನು ಧ್ಯಾನವೆಂದು ಕರೆಯಬೇಕೆಂದು ಮಾತ್ರ ಅವರಲ್ಲಿ ಯಾರಿಗೂ ಹೊಳೆದಂತಿಲ್ಲ.

ಆ ಎರಡು ವಾರ ಎಲ್ಲಿಂದ ಬಂತೆಂದು ವಿಚಾರಿಸಿದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಬಣ್ಣದ ನೆಗೆಟಿವ್ ತೊಳೆಯುವ ಸಿ-41 ಎಂಬ ವಿಧಾನ 1972ರಿಂದ ಚಾಲ್ತಿಯಲ್ಲಿದೆ. ಅದರಲ್ಲಿ ಫಿಲ್ಮು ಸುಮಾರು 38 ಡಿಗ್ರಿ ಬಿಸಿಯ ಡೆವಲಪರ್ ಎಂಬ ರಾಸಾಯನಿಕ ದ್ರಾವಣದಲ್ಲಿ ಇರಬೇಕಾದದ್ದು ಮೂರು ನಿಮಿಷ ಹದಿನೈದು ಸೆಕೆಂಡು. ಆಮೇಲಿನ ಸ್ನಾನಗಳು, ಒಣಗಿಸುವುದು ಎಲ್ಲ ಸೇರಿಸಿದರೂ ಒಂದು ಗಂಟೆ ಧಾರಾಳ. 1990ರ ದಶಕದಲ್ಲಿ ಇದೇ ಊರಿನ ಲ್ಯಾಬುಗಳ ಮುಂದೆ ‘ಒಂದೇ ಗಂಟೆಯಲ್ಲಿ ಫೋಟೋ’ ಎಂಬ ಬೋರ್ಡು ತೂಗುತ್ತಿತ್ತು, ಗಂಟೆ ಒಂದೂಕಾಲಾದರೆ ಗಿರಾಕಿಗಳು ಗಲ್ಲಾದ ಮೇಲೆ ಕೂತವರ ಜೊತೆ ಜಗಳ ಕಾಯುತ್ತಿದ್ದರು. ಈಗ ಉಳಿದಿರುವ ಬೆರಳೆಣಿಕೆಯ ಲ್ಯಾಬುಗಳವರು, ತೊಟ್ಟಿ ಬಿಸಿ ಮಾಡುವಷ್ಟು ರೋಲು ಒಟ್ಟಾಗಲಿ ಎಂದು ಕಾದಿಡುತ್ತಾರೆ. ಅಂಗಡಿ ಕಡಿಮೆಯಾದ್ದರಿಂದ ಆದ ತಡವನ್ನು ಫಿಲ್ಮಿನ ಆಧ್ಯಾತ್ಮಿಕ ಗುಣವೆಂದು ನಂಬಿಸಿದ ಕೀರ್ತಿ ಯಾರಿಗೆ ಸಲ್ಲಬೇಕೋ ಅವರಿಗೆ ಮಾರ್ಕೆಟಿಂಗ್ ವಿಷಯದಲ್ಲಿ ಗೌರವ ಡಾಕ್ಟರೇಟ್ ಕೊಡಬಹುದು.

ವ್ರತವೆಂದ ಮೇಲೆ ಖರ್ಚಿದೆ. ಒಳ್ಳೆಯ ಬಣ್ಣದ ರೋಲಿಗೆ ಸಾವಿರ ರೂಪಾಯಿಯಾದರೂ ಬೇಕು, ತೊಳೆಸಿ ಸ್ಕ್ಯಾನ್ ಮಾಡಿಸಲು ಮತ್ತೆ ಹಲವು ನೂರು. ಅಂದರೆ ಎರಡು ಬಾರಿ ಬಟನ್ ಒತ್ತಿದರೆ ಒಂದು ಮಸಾಲೆ ದೋಸೆಯ ದುಡ್ಡು ಹೋಯಿತು. ಈ ಲೆಕ್ಕ ಭಕ್ತರಿಗೂ ತಿಳಿದಿದೆ. ಆದ್ದರಿಂದಲೇ 2024ರಲ್ಲಿ ರಿಕೋ ಕಂಪನಿ ‘ಪೆಂಟಾಕ್ಸ್ 17’ ಎಂಬ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾ ಬಿಡುಗಡೆ ಮಾಡಿದಾಗ ಅವರು ಹಿಗ್ಗಿದರು. ಅದು ಒಂದು ಫ್ರೇಮನ್ನು ಎರಡಾಗಿ ಸೀಳಿ, 36ರ ರೋಲಿನಲ್ಲಿ 72 ಚಿತ್ರ ಕೊಡುತ್ತದೆ. ಮಿತಿಯಲ್ಲಿ ಮುಕ್ತಿಯಿದೆ ಎಂದವರು ಮಿತಿಯನ್ನು ದುಪ್ಪಟ್ಟು ಮಾಡಿಕೊಂಡಾಗ ಮುಕ್ತಿ ಅರ್ಧಕ್ಕೆ ಇಳಿಯಿತೇ ಎಂದು ಕೇಳುವುದು ಅಧಿಕಪ್ರಸಂಗವಾದೀತು.

ಇತಿಹಾಸ ಗೊತ್ತಿದ್ದವರಿಗೆ ಈ ತಪಸ್ಸಿನ ಮಾತು ಕೇಳಿ ನಗು ತಡೆಯುವುದು ಕಷ್ಟ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತನ್ನ ಮೊದಲ ಕೊಡ್ಯಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದದ್ದೇ ಸೋಮಾರಿಗಳಿಗಾಗಿ. ಬಟನ್ ಒತ್ತುವ ಕೆಲಸವಷ್ಟೇ ನಿಮ್ಮದು, ಉಳಿದದ್ದು ನಮಗೆ ಬಿಡಿ ಎಂಬುದು ಅವನ ಜಾಹೀರಾತಿನ ಸಾರ. ಇಪ್ಪತ್ತೈದು ಡಾಲರಿನ ಆ ಪೆಟ್ಟಿಗೆಯಲ್ಲಿ ಮೊದಲೇ ತುಂಬಿಸಿದ ರೋಲಿನಲ್ಲಿ 36 ಚಿತ್ರ ಇರಲಿಲ್ಲ, 100 ಇದ್ದವು. ಮುಗಿದ ಮೇಲೆ ಪೆಟ್ಟಿಗೆಯನ್ನೇ ರೋಚೆಸ್ಟರಿನ ಕಾರ್ಖಾನೆಗೆ ಕಳಿಸಿದರೆ ಅವರು ತೊಳೆದು, ಪ್ರಿಂಟು ಹಾಕಿ, ಹೊಸ ರೋಲು ತುಂಬಿಸಿ ವಾಪಸು ಕಳಿಸುತ್ತಿದ್ದರು. ಗಾಜಿನ ಪ್ಲೇಟುಗಳನ್ನು ಹೊತ್ತು, ಮುಕ್ಕಾಲಿ ಹೂಡಿ, ಕರಿಬಟ್ಟೆಯೊಳಗೆ ತಲೆ ತೂರಿಸಿ ಬೆವರುತ್ತಿದ್ದ ಅಂದಿನ ಕಲಾವಿದರು ರೋಲಿನವರನ್ನು ಬರೀ ಬಟನ್ ಒತ್ತುವ ಜನವೆಂದು ಹೀಗಳೆದರು. ಇಂದು ಚರ್ಚ್ ಸ್ಟ್ರೀಟಿನಲ್ಲಿ ನಿಂತು ಮೊಬೈಲಿನವರನ್ನು ಹೀಗಳೆಯುವವರ ಮಾತಿನಲ್ಲಿ ಅದೇ ಬೈಗುಳ ಅಕ್ಷರ ಬದಲಾಗದೆ ಕೇಳಿಸುತ್ತದೆ. ಬೈಯುವವರ ಕೈಯಲ್ಲಿರುವುದು ಮಾತ್ರ ಅಂದು ಬೈಗುಳ ತಿಂದ ಪೆಟ್ಟಿಗೆ. ನಿಧಾನವೇ ಗುರಿಯೆಂದಾದರೆ ಅದೇ ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಇವರಿಗೆ ಹೇಳಿ ಮಾಡಿಸಿದಂತಿತ್ತು. ಅದು 0.01 ಮೆಗಾಪಿಕ್ಸೆಲಿನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆದುಕೊಳ್ಳಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಆ ಬಗೆಯ ತಾಳ್ಮೆಗೆ ಇನ್ನೂ ಗಿರಾಕಿಗಳು ಹುಟ್ಟಿಲ್ಲ, ಆದರೆ ಆಸೆ ಬಿಡಬೇಕಾಗಿಲ್ಲ: 2000ನೆಯ ಇಸವಿಯ ಆಸುಪಾಸಿನ ಪುಟ್ಟ ಡಿಜಿಟಲ್ ಕ್ಯಾಮೆರಾಗಳೂ ಈಗ ‘ವಿಂಟೇಜ್’ ಆಗಿ, ಅಟ್ಟದಿಂದ ಇಳಿದು ಶೋಕೇಸ್ ಸೇರುತ್ತಿವೆ.

ಚಿಕ್ಕಪೇಟೆಯ ಭಾನುವಾರದ ಗುಜರಿ ಸಂತೆಯವರಿಗೆ ಈ ಪದ ನಮಗಿಂತ ಮೊದಲು ಅರ್ಥವಾಗಿದೆ. ಒಂದಾನೊಂದು ಕಾಲದಲ್ಲಿ ತಕ್ಕಡಿಗೆ ಬೀಳುತ್ತಿದ್ದ ಆಗ್ಫಾ ಕ್ಲಿಕ್ ತ್ರೀ, ಊರೂರಿನ ಸ್ಟುಡಿಯೋದವರ ಹೊಟ್ಟೆ ಹೊರೆದ ಯಾಶಿಕಾ, ಇವೆಲ್ಲ ಈಗ ಪ್ರತ್ಯೇಕ ಬಟ್ಟೆಯ ಮೇಲೆ ಕೂತಿವೆ. ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ, “ವಿಂಟೇಜ್ ಸಾರ್, ಕೆಲಸ ಮಾಡೋದು ಬೇಕಾದ್ರೆ ಹೊಸದು ತಗೊಳ್ಳಿ” ಎಂಬ ಉತ್ತರ ಬರುತ್ತದೆ. ಉತ್ತರದಲ್ಲಿ ತಪ್ಪಿಲ್ಲ. ಹಲವು ಹಳೆಯ ಕ್ಯಾಮೆರಾಗಳ ಲೈಟ್ ಮೀಟರಿಗೆ ಬೇಕಾದ ಪಾದರಸದ ಸೆಲ್ಲನ್ನು ಜಗತ್ತೇ ನಿಲ್ಲಿಸಿದೆ, ಲೆನ್ಸಿನೊಳಗೆ ಬೂಷ್ಟು ಹಿಡಿದಿದೆ, ಹಿಂಬಾಗಿಲಿನ ಸಂದಿಗೆ ಅಂಟಿಸಿದ್ದ ಸ್ಪಂಜು ಕರಗಿ ಜಿಗುಟು ಮಸಿಯಾಗಿದೆ. ಆ ಸಂದಿನಿಂದ ನುಸುಳಿದ ಬಿಸಿಲು ಫೋಟೋದ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆಯಾಗಿ ಬೀಳುತ್ತದೆ. ಮಲ್ಲೇಶ್ವರದಲ್ಲಿ ಸ್ಟುಡಿಯೋ ಮುಚ್ಚಿ ಮೊಮ್ಮಕ್ಕಳನ್ನು ಆಡಿಸುತ್ತಿರುವ ಹಿರಿಯರೊಬ್ಬರಿಗೆ ಪಕ್ಕದ ಮನೆಯ ಹುಡುಗ ಅಂಥದೊಂದು ಫೋಟೋ ತೋರಿಸಿ, “ಅಂಕಲ್, ಇದು ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ? ನಿಮ್ಮ ಕಾಲದಲ್ಲಿ ಇದನ್ನ ಹೇಗೆ ಮಾಡ್ತಿದ್ರಿ?” ಎಂದು ಕೇಳಿದ. ಅವರು ಕನ್ನಡಕ ಏರಿಸಿ ನೋಡಿ, “ನಾವು ಇದನ್ನ ಮಾಡ್ತಿರಲಿಲ್ಲ ಕಣಪ್ಪಾ, ಆಗಿಬಿಡ್ತಿತ್ತು. ಆದಾಗ ಹುಡುಗಿ ಕಡೆಯವರು ಅಂಗಡಿಗೆ ಬಂದು ಬೈದು, ಕೊಟ್ಟ ಅಡ್ವಾನ್ಸು ವಾಪಸು ತಗೊಂಡು ಹೋಗ್ತಿದ್ರು” ಎಂದರು.

ಮದುವೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ಈಗ ಮದುವೆಯ ಫೋಟೋ ಪ್ಯಾಕೇಜಿನಲ್ಲಿ ಡ್ರೋನು, ರೀಲ್ಸುಗಳ ಸಾಲಿನ ಕೊನೆಗೆ ‘ಅನಲಾಗ್’, ಅಂದರೆ ಫಿಲ್ಮಿನಲ್ಲಿ ತೆಗೆಯುವುದು, ಎಂಬ ಬಾಬತ್ತೂ ಸೇರಿದೆ, ಅದಕ್ಕೆ ಬೇರೆ ದರ. ಫಿಲ್ಮಿನ ಕಾಲದಲ್ಲಿ ನಿಜವಾಗಿ ಮದುವೆಯಾದವರಿಗೆ ಆ ರೋಲಿನ ಸಂಯಮ ಎಂಥದೆಂದು ಚೆನ್ನಾಗಿ ನೆನಪಿದೆ. ಇಷ್ಟು ರೋಲಿಗೆ ಇಷ್ಟು ದುಡ್ಡೆಂದು ಮೊದಲೇ ಮಾತಾಗಿರುತ್ತಿತ್ತು. ಧಾರೆ, ಮಾಂಗಲ್ಯ, ಸಪ್ತಪದಿಗೆ ಫ್ರೇಮು ಉಳಿಸಿಕೊಳ್ಳಬೇಕಾದ ಫೋಟೋಗ್ರಾಫರು, ನಮ್ಮದೊಂದು ಗ್ರೂಪ್ ಫೋಟೋ ಆಗಲೇಬೇಕೆಂದು ವೇದಿಕೆ ಹತ್ತಿದ ಮೂರನೆಯ ಸುತ್ತಿನ ನೆಂಟರಿಗೆ ನಗುನಗುತ್ತ ಬರೀ ಫ್ಲ್ಯಾಷ್ ಹೊಡೆದು ಕಳಿಸುತ್ತಿದ್ದರು. ಆರು ತಿಂಗಳ ಮೇಲೆ ಆಲ್ಬಂ ತಿರುವಿ, ತಾವು ಎಲ್ಲೂ ಇಲ್ಲವೆಂದು ಕಂಡು ಹೆಣ್ಣಿನ ಮನೆಯವರ ಜೊತೆ ಮಾತು ಬಿಟ್ಟ ಚಿಕ್ಕಪ್ಪಂದಿರು ನಮ್ಮ ಕಡೆ ಎಷ್ಟೋ ಜನ. ಇನ್ನು ಮನೆಯ ಕ್ಯಾಮೆರಾದಲ್ಲಿ ಗೌರಿಹಬ್ಬಕ್ಕೆ ಹಾಕಿದ ರೋಲು ಯುಗಾದಿಗೂ ಮುಗಿಯದೆ, ಕೊನೆಯ ನಾಲ್ಕು ಫ್ರೇಮನ್ನು ಹೇಗಾದರೂ ಖಾಲಿ ಮಾಡಲೆಂದು ಟಿ.ವಿ. ಪಕ್ಕದಲ್ಲಿ, ಸ್ಕೂಟರಿನ ಮೇಲೆ, ತುಳಸಿಕಟ್ಟೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದದ್ದೇ ಹೆಚ್ಚು. ಅದನ್ನು ಧ್ಯಾನಸ್ಥ ಛಾಯಾಗ್ರಹಣವೆಂದು ಆಗ ಯಾರೂ ತಿಳಿದಿರಲಿಲ್ಲ, ಬೇಗ ತೊಳೆಯಲು ಕೊಡುವ ಅವಸರವಷ್ಟೇ ಇತ್ತು.

ಈ ವ್ರತಕ್ಕೆ ಮಡಿಯ ಪ್ರಶ್ನೆಯೂ ಇದೆ. ಇಂದಿರಾನಗರದ ಕೆಫೆಯಲ್ಲಿ ಹಸುವಿನ ಹಾಲು ಹಿಂಸೆಯೆಂದು ಓಟ್ಸ್ ಹಾಲಿನ ಕಾಫಿ ತರಿಸಿಕೊಂಡು, ಅದರ ಪಕ್ಕಕ್ಕೆ ತಮ್ಮ ಕ್ಯಾಮೆರಾ ಇಟ್ಟು ಮೊಬೈಲಿನಲ್ಲಿ ಅದರ ಫೋಟೋ ತೆಗೆಯುವವರಿಗೆ ಹೇಳಬಾರದ ಒಂದು ಸಂಗತಿಯೆಂದರೆ, ಫಿಲ್ಮಿನ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಹರಳುಗಳನ್ನು ಹಿಡಿದಿಡುವುದು ಜೆಲಾಟಿನ್, ಮತ್ತು ಆ ಜೆಲಾಟಿನ್ ಬರುವುದು ದನ, ಹಂದಿಗಳ ಮೂಳೆ ಮತ್ತು ಚರ್ಮದಿಂದ. ಸಸ್ಯಮೂಲದಿಂದ ಅದರಷ್ಟು ಚೆನ್ನಾಗಿ ಆ ಕೆಲಸ ಮಾಡುವ ವಸ್ತು ಫಿಲ್ಮ್ ಕಾರ್ಖಾನೆಗಳಿಗೆ ಇಂದಿಗೂ ಒದಗಿಲ್ಲ. ಒಂದು ಕಂತಿನ ಫಿಲ್ಮು ಬೆಳಕಿಗೆ ಚುರುಕಾಗಿಯೂ ಇನ್ನೊಂದು ಮಂದವಾಗಿಯೂ ಯಾಕಾಗುತ್ತದೆಂದು 1920ರ ದಶಕದಲ್ಲಿ ಕೊಡ್ಯಾಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಹುಡುಕುತ್ತ ಹೋದಾಗ ಸಿಕ್ಕಿದ ಉತ್ತರ ಗಂಧಕದ ಸಂಯುಕ್ತಗಳು. ದನಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಿಂದ ಅವು ಜೆಲಾಟಿನ್ನಿಗೆ ಬಂದಿದ್ದವು. ಇದು ಗೊತ್ತಾದ ಮೇಲೂ ಕೆಫೆಯವರು ಒಗ್ಗರಣೆಯ ಸಾಸಿವೆಗೆ ಛಾಯಾಚಿತ್ರಕಲೆಯ ಹೆಸರಿನಲ್ಲಿ ಹೆಚ್ಚು ದರ ಹಾಕಿಲ್ಲದಿರುವುದು ಅವರ ದೊಡ್ಡತನ.

ನಗರದ ಸಾಮಾನ್ಯ ಜನ ಈ ಸಾಧಕರನ್ನು ಕರುಣೆಯಿಂದ ಕಾಣುತ್ತಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ಭಾನುವಾರ ಮುಂಜಾನೆ ಫೋಟೋ ವಾಕ್ ಹೊರಟವರೆಲ್ಲ ತೆಗೆಯುವುದು ಒಬ್ಬಳೇ ಹೂವಿನ ಅಜ್ಜಿಯನ್ನು, ಒಂದೇ ಕೋನದಿಂದ. ಅಜ್ಜಿ ಸೇವಂತಿಗೆ ಮಾರುವುದನ್ನು ನಿಲ್ಲಿಸಿ, “ಎಲ್ಲಿ ತೋರ್ಸು ಕಂದಾ, ಹೆಂಗ್ ಬಂದೈತೆ?” ಎಂದು ಕೈ ಚಾಚುತ್ತಾಳೆ.

“ಇದರಲ್ಲಿ ಈಗಲೇ ಕಾಣಿಸಲ್ಲ ಅಜ್ಜಿ, ಎರಡು ವಾರ ಆಗುತ್ತೆ.”

“ಕೆಟ್ಟೋಗೈತಾ? ಹೋಗ್ಲಿ ಬಿಡು. ನಮ್ಮ ಹುಡುಗನ ಮೊಬೈಲು ಐತೆ, ಅದರಾಗೆ ಹೊಡ್ಕೊಂಡು ನಿನ್ನ ನಂಬರಿಗೆ ಕಳಿಸ್ಕೊ” ಎಂದು ಅವಳು ಸಮಾಧಾನ ಹೇಳುತ್ತಾಳೆ.

ಫಿಲ್ಮಿನಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥವರು ಕಾಡಿನಲ್ಲಿ ಕಾದು ಕೂತು ತೆಗೆದ ಕಪ್ಪುಬಿಳುಪು ಚಿತ್ರಗಳಿಂದಲೇ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೊರಗಿನ ಜಗತ್ತಿನಲ್ಲಿ ಹೆಸರು ಬಂದದ್ದು. ಇಂದಿಗೂ ಬಚ್ಚಲುಮನೆಯ ಕಿಟಕಿಗೆ ಕರಿಬಟ್ಟೆ ಕಟ್ಟಿ, ಕೆಂಪು ದೀಪದ ಕೆಳಗೆ, ಹೈಪೋ ಎಂಬ ರಾಸಾಯನಿಕದ ವಾಸನೆಯಲ್ಲಿ ತಮ್ಮ ಕೈಯಾರೆ ಪ್ರಿಂಟು ಹಾಕುವ ನಾಲ್ಕಾರು ಮಂದಿ ಈ ಊರಿನಲ್ಲಿದ್ದಾರೆ. ಅವರು ಕ್ಯಾಮೆರಾವನ್ನು ಅಂಗಿಯ ಮೇಲೆ ಹಾಕಿಕೊಂಡು ತಿರುಗುವುದು ಕಡಿಮೆ. ಆದರೆ ಕಾಡಿಗೆ ಹೋದ ಹಿರಿಯರು ಫಿಲ್ಮು ಹಿಡಿದದ್ದು ಬೇರೆ ಏನೂ ಇಲ್ಲದ್ದರಿಂದ, ಅದೂ ಸಿಕ್ಕಿದ ಫಿಲ್ಮು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಇಲ್ಲೇ ಫಿಲ್ಮು ತಯಾರಿಸಿ, ನಷ್ಟದಲ್ಲಿ ಮುಳುಗಿ, ಮುಚ್ಚಿಹೋಯಿತು. ಅದರ ಸಾವಿಗೆ ಕಣ್ಣೀರು ಹಾಕದ ಊರು ಈಗ ಅಮೆರಿಕದ ರೋಲಿಗೆ ಡಾಲರಿನ ದರ ಕೊಟ್ಟು ಹಳೆಯ ದಿನಗಳನ್ನು ನೆನೆಯುತ್ತಿದೆ. ಜರ್ಮನಿಯ ಲೈಕಾ ಕಂಪನಿ ತನ್ನ ಹಳೆಯ ಎಂ6 ಫಿಲ್ಮ್ ಕ್ಯಾಮೆರಾವನ್ನು 2022ರಲ್ಲಿ ಮತ್ತೆ ತಯಾರಿಸಿದಾಗ ಅಮೆರಿಕದಲ್ಲಿ ಅದರ ಬೆಲೆ ಐದು ಸಾವಿರ ಡಾಲರ್ ದಾಟಿತ್ತು, ಲೆನ್ಸಿಗೆ ಬೇರೆ. ಸರಳ ಜೀವನಕ್ಕೆ ಅಷ್ಟು ಖರ್ಚು ಮಾಡಬಲ್ಲವರು ನಮ್ಮ ಊರಿನಲ್ಲೂ ಕಡಿಮೆಯಿಲ್ಲ.

ವ್ರತದ ಉದ್ಯಾಪನೆ ಲ್ಯಾಬಿನಲ್ಲಿ ನಡೆಯುತ್ತದೆ. ತೊಳೆದ ನೆಗೆಟಿವನ್ನು ಸ್ಕ್ಯಾನರಿನೊಳಗೆ ತಳ್ಳಿದಾಗ, ಡಿಜಿಟಲ್ ಕ್ಯಾಮೆರಾದ ಒಳಗೆ ಇರುವಂಥದೇ ಒಂದು ಸೆನ್ಸರು ಅದನ್ನು ಓದಿ ಫೈಲು ಮಾಡುತ್ತದೆ. ಆ ಫೈಲು ಲಿಂಕಾಗಿ ಮೊಬೈಲಿಗೆ ಬರುತ್ತದೆ. ಒಳ್ಳೆಯ ಲೆನ್ಸು, ತಾಜಾ ರೋಲು, ಸರಿಯಾದ ಬೆಳಕು ಮೂರೂ ಕೂಡಿದರೆ ಚಿತ್ರ ಎಷ್ಟು ಶುದ್ಧವಾಗಿ ಬರುತ್ತದೆಂದರೆ, ಮೊಬೈಲಿನಲ್ಲಿ ತೆಗೆದದ್ದೆಂದು ಜನ ತಪ್ಪು ತಿಳಿಯುವ ಅಪಾಯವಿರುತ್ತದೆ. ಆಗ ಭಕ್ತರು ಆ್ಯಪ್ ತೆರೆದು, ಫಿಲ್ಮಿನ ಫೋಟೋ ಫಿಲ್ಮಿನದರಂತೆ ಕಾಣಲೆಂದು ಮೇಲೆ ಒಂದಿಷ್ಟು ಗ್ರೇನ್ ಉದುರಿಸಿ, ಸುತ್ತ ರಂಧ್ರಗಳಿರುವ ಕಪ್ಪು ಅಂಚು ಕೂಡಿಸಿ, ನಿಧಾನದ ಮಹತ್ವದ ಬಗ್ಗೆ ಎರಡು ಸಾಲು ಬರೆದು ಹಾಕುತ್ತಾರೆ. ಎರಡು ಸೆಕೆಂಡಿನಲ್ಲಿ ಹೆಬ್ಬೆರಳು ಅದನ್ನು ಮೇಲಕ್ಕೆ ಸರಿಸಿ ಮುಂದೆ ಹೋಗುತ್ತದೆ.

ಈ ಇಡೀ ವ್ಯವಹಾರದಲ್ಲಿ ಕೈಯಲ್ಲಿ ಹಿಡಿಯಬಹುದಾದದ್ದು, ನೆರಳಿನಲ್ಲಿ ತಂಪಾಗಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯಬಹುದಾದದ್ದು, ಪಾಸ್‌ವರ್ಡ್ ಮರೆತರೂ ಕಳೆದುಹೋಗದಿರುವುದು ಒಂದೇ, ಆ ನೆಗೆಟಿವ್. ಅದನ್ನು ಒಯ್ಯಲು ಮಾತ್ರ ಬಹಳ ಜನ ಮತ್ತೆ ಬರುವುದಿಲ್ಲ. ಲ್ಯಾಬಿನವರು ಇಷ್ಟು ತಿಂಗಳ ಮೇಲೆ ನಾವು ಜವಾಬ್ದಾರರಲ್ಲವೆಂದು ಚೀಟಿ ಅಂಟಿಸುತ್ತಾರೆ, ಡ್ರಾಯರು ತುಂಬಿದಾಗ ಒಬ್ಬೊಬ್ಬರಿಗೂ ಫೋನು ಮಾಡುತ್ತಾರೆ. ಬರುವ ಉತ್ತರ ಹೆಚ್ಚೂಕಡಿಮೆ ಒಂದೇ: “ನೆಗೆಟಿವ್ ಇಟ್ಕೊಂಡು ನಾನೇನು ಮಾಡ್ಲಿ ಸಾರ್, ಬಿಸಾಕ್ಬಿಡಿ. ಮೊನ್ನೆ ಕೊಟ್ಟ ರೋಲಿನ ಲಿಂಕ್ ಇನ್ನೂ ಬಂದಿಲ್ವಲ್ಲ, ಅದನ್ನ ಇವತ್ತು ಸಂಜೆಯೊಳಗೆ ಕಳಿಸ್ತೀರಾ?”