ಬಾಗಿಲನ್ನು ಕೆತ್ತುವ ಮೊದಲು ಚೌಕಟ್ಟಿಗೆ ತೂಗುಗುಂಡು ಬಿಟ್ಟು ನೋಡಿ

ನಮ್ಮ ಬಚ್ಚಲುಮನೆಯ ಬಾಗಿಲಿಗೆ ಮೊನ್ನೆ ನಾಲ್ಕನೆಯ ಸಲ ತೋಪಡ ಹೊಡೆದರು. ನಾಲ್ಕು ಸಲ ಬಂದವರೂ ಬೇರೆಬೇರೆಯವರು, ಮಾಡಿದ ಕೆಲಸ ಮಾತ್ರ ಒಂದೇ. ಬಾಗಿಲನ್ನು ಒಮ್ಮೆ ತಳ್ಳಿ ನೋಡುವುದು, ಕೆಳಮೂಲೆ ನೆಲಕ್ಕೆ ಉಜ್ಜುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಬಾಗಿಲನ್ನು ಕಳಚಿ ಅಡ್ಡ ಮಲಗಿಸಿ ಗೆರೆಯವರೆಗೆ ಕೆತ್ತುವುದು, ಮತ್ತೆ ಅದೇ ಹಳೆಯ ತೂತುಗಳಿಗೆ ಅದೇ ಸ್ಕ್ರೂಗಳನ್ನು ಬಿಗಿದು ಕೈ ಒರೆಸಿಕೊಂಡು ಹೊರಡುವುದು. ಹದಿನೈದು ದಿನ ಬಾಗಿಲು ಸರಾಗವಾಗಿ ಆಡುತ್ತದೆ, ಹದಿನಾರನೆಯ ದಿನ ಕೆಳಮೂಲೆ ಮತ್ತೆ ನೆಲ ಕೆರೆಯುತ್ತದೆ. ನನ್ನ ಅಮ್ಮನಿಗೆ ಮಂಡಿನೋವು. ಚಿಲಕ ಹಾಕಬೇಕೆಂದರೆ ಆಕೆ ಒದ್ದೆ ನೆಲದ ಮೇಲೆ ನಿಂತು, ಎರಡೂ ಕೈಯಲ್ಲಿ ಹಿಡಿಕೆಯನ್ನು ಮೇಲಕ್ಕೆತ್ತಿ, ಭುಜ ಕೊಟ್ಟು ಬಾಗಿಲನ್ನು ಒತ್ತಿ ಹಿಡಿಯಬೇಕು. ಕಳೆದ ತಿಂಗಳಿನಿಂದ ಆಕೆ ಚಿಲಕ ಹಾಕುವುದನ್ನೇ ಬಿಟ್ಟಿದ್ದಾಳೆ, ಒಳಗೆ ಹೋಗುವ ಮುನ್ನ ಮನೆಯವರಿಗೆಲ್ಲ ಕೂಗಿ ಹೇಳಿ ಹೋಗುತ್ತಾಳೆ. ತನ್ನ ಮನೆಯಲ್ಲಿ ತಾನು ಸ್ನಾನಕ್ಕೆ ಹೋಗಲು ಒಬ್ಬ ಹಿರಿಯ ಹೆಂಗಸು ಹೀಗೆ ಕೂಗಿ ಹೇಳಬೇಕಾಗಿ ಬಂದದ್ದನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕನೆಯವರು ಹೋದ ಮೇಲೆ ನಾನೇ ಒಂದು ಗಟ್ಟಿ ದಾರಕ್ಕೆ ಭಾರವಾದ ನಟ್ಟೊಂದನ್ನು ಕಟ್ಟಿ, ಚೌಕಟ್ಟಿನ ಮೇಲಿನ ಅಡ್ಡಮರಕ್ಕೆ ಮೊಳೆ ಹೊಡೆದು, ಹಿಂಜ್ ಇರುವ ಬದಿಯ ಮರದ ಪಕ್ಕದಲ್ಲಿ ಇಳಿಬಿಟ್ಟೆ. ನಟ್ಟು ತೂಗಾಡುವುದು ನಿಂತ ಮೇಲೆ ಅಳತೆಪಟ್ಟಿ ಹಿಡಿದರೆ ಮರಕ್ಕೂ ದಾರಕ್ಕೂ ನಡುವಿನ ಅಂತರ ಮೇಲ್ಗಡೆ 20 ಮಿ.ಮೀ. ಇತ್ತು, ಕೆಳಗಡೆ 28 ಮಿ.ಮೀ. ಇತ್ತು. ಅಂದರೆ ಆ ಮರ ತನ್ನ ತಲೆಯನ್ನು ಚಿಲಕದ ಬದಿಗೆ 8 ಮಿ.ಮೀ. ವಾಲಿಸಿಕೊಂಡು ನಿಂತಿದೆ. ಎದುರಿನ ಮರವೂ ಅಷ್ಟೇ ಮತ್ತು ಅದೇ ಕಡೆಗೆ ವಾಲಿದೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದೆ. ಚೌಕಟ್ಟು ಚೌಕವಾಗಿದ್ದರೆ ಎರಡೂ ಸಮನಾಗಿರಬೇಕು, ನಮ್ಮದರಲ್ಲಿ ಸುಮಾರು 5 ಮಿ.ಮೀ. ವ್ಯತ್ಯಾಸ ಬಂತು. ಇಷ್ಟನ್ನು ಕಂಡುಹಿಡಿಯಲು ನನಗೆ ಬೇಕಾದದ್ದು ಹತ್ತು ನಿಮಿಷ. ಇದೇ ಕೆಲಸದಲ್ಲಿ ಕೈ ಪಳಗಿದ ನಾಲ್ವರು ಬಂದು ಹೋದರಲ್ಲ, ಅವರಲ್ಲಿ ಒಬ್ಬರೂ ಚೌಕಟ್ಟಿನ ಕಡೆ ಕಣ್ಣೆತ್ತಿ ನೋಡಲಿಲ್ಲ, ಹೀಗೆ ದಾರದಲ್ಲಿ ಇಳಿಬಿಟ್ಟು ನೇರ ನೋಡುವ ತೂಗುಗುಂಡು ಒಬ್ಬರ ಚೀಲದಲ್ಲೂ ಇರಲಿಲ್ಲ.

8 ಮಿ.ಮೀ. ಏನು ಮಹಾ ಎನ್ನುವವರಿಗಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಬಾಗಿಲು ನೇರವಾದ ಆಯತ, ಅದು ತೂಗುವುದು ಹಿಂಜ್‌ಗಳ ನಂಟಿನಿಂದ, ಹಿಂಜ್‌ಗಳು ಕೂತಿರುವುದು ವಾಲಿದ ಮರದ ಮೇಲೆ. ಮರ ಎಷ್ಟು ವಾಲಿದೆಯೋ ಬಾಗಿಲೂ ಅಷ್ಟೇ ಓರೆಯಾಗಿ ತೂಗುತ್ತದೆ. ನಮ್ಮ ಬಾಗಿಲಿನ ಎತ್ತರ 2100 ಮಿ.ಮೀ., ಅಗಲ 750 ಮಿ.ಮೀ. ಎತ್ತರಕ್ಕೆ 8 ಮಿ.ಮೀ. ವಾಲಿದರೆ ಅಗಲಕ್ಕೆ ಸುಮಾರು 3 ಮಿ.ಮೀ. ಇಳಿಯುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸುತ್ತಲೂ ಬಿಡುವ ಸಂದೇ 2ರಿಂದ 3 ಮಿ.ಮೀ. ಆಗಿರುವಾಗ, ಚಿಲಕದ ಬದಿಯ ಕೆಳಮೂಲೆ 3 ಮಿ.ಮೀ. ಜಗ್ಗಿದರೆ ಅದು ಎಲ್ಲಿಗೆ ಹೋಗಬೇಕು? ಚಿಲಕದ ಸರಳು ಕೂಡ ಚೌಕಟ್ಟಿನಲ್ಲಿರುವ ತೂತಿಗಿಂತ ಅಷ್ಟೇ ಕೆಳಗೆ ಬಂದು ನಿಲ್ಲುತ್ತದೆ. ಎರಡನೆಯ ಸಲ ಬಂದವರು ಆ ತೂತನ್ನು ಅರದಿಂದ ಉಜ್ಜಿ ಕೆಳಕ್ಕೆ ಹಿಗ್ಗಿಸಿದರು, ಮೂರನೆಯವರು ಇನ್ನಷ್ಟು ಹಿಗ್ಗಿಸಿದರು. ಈಗ ಅದು ತೂತಾಗಿ ಉಳಿದಿಲ್ಲ, ಸೀಳಾಗಿದೆ. ಚಿಲಕ ಬಿದ್ದರೂ ಬಾಗಿಲು ಗಡಗಡ ಅಲುಗುತ್ತದೆ.

ಕೆತ್ತಿದ್ದರಿಂದ ಆದ ಹಾನಿ ಇನ್ನೊಂದು ಬಗೆಯದು. ಇದು ಎರಡೂ ಮುಖಕ್ಕೆ ಪ್ಲೈ ಹಾಳೆ ಅಂಟಿಸಿದ ಫ್ಲಷ್ ಬಾಗಿಲು. ಇಂಥ ಬಾಗಿಲುಗಳಲ್ಲಿ ಅಂಚಿನ ಸುತ್ತ ಮಾತ್ರ ಗಟ್ಟಿ ಮರದ ಪಟ್ಟಿ ಇರುತ್ತದೆ. ಒಳಗೆ ಏನು ತುಂಬಿದ್ದಾರೆ ಎಂಬುದು ಬಾಗಿಲಿನ ಜಾತಿಯ ಮೇಲೆ ಹೋಗುತ್ತದೆ, ಅಗ್ಗದ್ದರಲ್ಲಿ ಬಹುಪಾಲು ಟೊಳ್ಳೇ. ಆ ಪಟ್ಟಿ ಇರುವವರೆಗೆ ಬಾಗಿಲಿಗೆ ಕಸುವು, ಅದನ್ನು ಕೆತ್ತಿ ತೆಗೆದ ಮೇಲೆ ಉಳಿಯುವುದು ಎರಡು ಹಾಳೆ ಪ್ಲೈ ಮಾತ್ರ. ನಮ್ಮ ಬಾಗಿಲಿನ ಕೆಳ ಅಂಚನ್ನು ಓರೆಯಾಗಿ ನಾಲ್ಕು ಸಲ ಕೆತ್ತಿದ್ದಾರೆ, ಒಂದು ಸಲವೂ ಕೆತ್ತಿದ ಜಾಗಕ್ಕೆ ಬಣ್ಣ ಹಚ್ಚಿಲ್ಲ. ಬಣ್ಣವಿಲ್ಲದ ಹಸಿ ಮರ ಬಚ್ಚಲಿನ ನೆಲದ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಮೊನ್ನೆ ಬಾಗಿಲು ಮಲಗಿದ್ದಾಗ ಕೆಳ ಅಂಚಿಗೆ ಬೆರಳು ಇಟ್ಟು ನೋಡಿದೆ. ಪ್ಲೈನ ಪದರಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿದ್ದವು, ಉಗುರು ಹಾಕಿದರೆ ಕಪ್ಪಾದ ಮರದ ಎಳೆಗಳು ಹಿಟ್ಟಿನಂತೆ ಉದುರಿದವು. ಊದಿಕೊಂಡ ಅಂಚು ಮತ್ತೆ ನೆಲಕ್ಕೆ ತಾಗಿತು, ತಾಗಿದ್ದಕ್ಕೆ ಮತ್ತೆ ಕೆತ್ತಿದರು, ಕೆತ್ತಿದ್ದಕ್ಕೆ ಮತ್ತೆ ನೀರು ಕುಡಿಯಿತು. ಮೊದಲ ಸಲ ಕೆತ್ತಿದವರು ಒಂದು ಕೈ ಪ್ರೈಮರ್ ಹಚ್ಚಿ ಹೋಗಿದ್ದರೆ ಬಾಗಿಲಾದರೂ ಉಳಿಯುತ್ತಿತ್ತು. ಬಾಗಿಲಿಗೆ ಎರಡು ಮುಖ ಮಾತ್ರ ಎಂದು ತಿಳಿದಿರುವವರೇ ಹೆಚ್ಚು. ಅದಕ್ಕೆ ಆರು ಮುಖ, ಕಣ್ಣಿಗೆ ಬೀಳದ ಮೇಲಂಚು ಮತ್ತು ಕೆಳಂಚುಗಳಿಗೇ ಬಣ್ಣ ಮೊದಲು ಹತ್ತಬೇಕು, ಏಕೆಂದರೆ ಮರದ ಎಳೆಗಳ ತೆರೆದ ತುದಿಗಳು ನೀರು ಹೀರಿದಷ್ಟು ಉಳಿದ ಭಾಗ ಹೀರುವುದಿಲ್ಲ.

ಚೌಕಟ್ಟು ಹೀಗೆ ವಾಲಿದ್ದು ಹೇಗೆ ಎಂಬುದೂ ನನಗೆ ಗೊತ್ತು, ಅದನ್ನು ನಿಲ್ಲಿಸಿದ ದಿನ ನಾನು ಅಲ್ಲಿಯೇ ಇದ್ದೆ. ಗೋಡೆಯ ಕಿಂಡಿಯಲ್ಲಿ ಚೌಕಟ್ಟನ್ನು ಇಟ್ಟು, ಒಬ್ಬರು ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ ‘ಸರಿಯಿದೆ’ ಎಂದರು, ಇನ್ನೊಬ್ಬರು ಇಟ್ಟಿಗೆ ಚೂರುಗಳನ್ನು ಸಂದಿಗೆ ತುರುಕಿದರು, ಗಾರೆ ಬಿತ್ತು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆಮೇಲೆ ಕೇಳಿದಾಗ ಗಾರೆಯವರು ‘ಚೌಕಟ್ಟು ಜೋಡಿಸಿದ್ದು ಬಡಗಿ’ ಎಂದರು, ಬಡಗಿ ‘ನಿಲ್ಲಿಸಿದ್ದು ಗಾರೆಯವರು’ ಎಂದರು. ಇಬ್ಬರ ಜಗಳದಲ್ಲಿ ಚೌಕಟ್ಟು ಯಾರ ಕೂಸೂ ಆಗದೆ ಉಳಿಯಿತು. ಅಂದು ಮಾಡಬೇಕಾಗಿದ್ದ ಕೆಲಸ ಕಷ್ಟದ್ದೇನೂ ಆಗಿರಲಿಲ್ಲ. ಮೊದಲು ಹಿಂಜ್ ಬರುವ ಮರವನ್ನು ಗುಂಡು ಬಿಟ್ಟು ನೇರ ಮಾಡಬೇಕು, ಅದೂ ಎರಡು ದಿಕ್ಕಿನಲ್ಲಿ: ಕಿಂಡಿಯ ಅಗಲದ ದಿಕ್ಕಿನಲ್ಲಿ ಒಂದು ಸಲ, ಗೋಡೆಯ ದಪ್ಪದ ದಿಕ್ಕಿನಲ್ಲಿ ಇನ್ನೊಂದು ಸಲ. ಮೇಲಿನ ಅಡ್ಡಮರ ಸಮತಟ್ಟಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ಬೆಣೆಗಳನ್ನು ಒಂಟಿಯಾಗಿ ಹೊಡೆಯಬಾರದು, ಒಂದಕ್ಕೊಂದು ಎದುರಾಗಿ ಜೋಡಿಯಾಗಿ ಹೊಡೆದರೆ ಮಾತ್ರ ಮರ ತಿರುಚಿಕೊಳ್ಳದೆ ಬಿಗಿಯಾಗುತ್ತದೆ. ಎರಡು ನಿಲುವು ಮರಗಳ ನಡುವೆ ಮೇಲ್ಗಡೆ ಎಷ್ಟು ಅಗಲವಿದೆಯೋ ಅಷ್ಟೇ ಉದ್ದದ ರೀಪುಗಳನ್ನು ನಡುವಿನಲ್ಲೂ ಕೆಳಗೂ ಅಡ್ಡಲಾಗಿ ಕೊಡಬೇಕು, ಇಲ್ಲದಿದ್ದರೆ ತುಂಬುವ ಗಾರೆಯ ಒತ್ತಡಕ್ಕೋ ಊದುವ ಫೋಮಿನ ಒತ್ತಡಕ್ಕೋ ಮರದ ಹೊಟ್ಟೆ ಒಳಕ್ಕೆ ಉಬ್ಬುತ್ತದೆ. ಗಾರೆ ಗಟ್ಟಿಯಾಗುವವರೆಗೆ ಆ ರೀಪುಗಳನ್ನು ಮುಟ್ಟಬಾರದು. ನಮ್ಮಲ್ಲಿ ಕೊಟ್ಟಿದ್ದ ಒಂದೇ ಒಂದು ರೀಪನ್ನು ಅಂದು ಸಂಜೆಯೇ ಕಿತ್ತು ಬೇರೆ ಕೆಲಸಕ್ಕೆ ಒಯ್ದರು.

ಗೋಡೆಯ ದಪ್ಪದ ದಿಕ್ಕನ್ನು ನೋಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಳಕೋಣೆಯ ಬಾಗಿಲು ಸಾಕ್ಷಿ. ಅಲ್ಲಿ ಒಂದು ಮರ ಒಳಕ್ಕೂ ಇನ್ನೊಂದು ಹೊರಕ್ಕೂ ವಾಲಿ ಚೌಕಟ್ಟೇ ತಿರುಚಿದೆ, ಆದ್ದರಿಂದ ಬಾಗಿಲಿನ ಮೇಲ್ಭಾಗ ಚೌಕಟ್ಟಿನಲ್ಲಿ ಬಾಗಿಲು ಕೂರಲು ಕೊರೆದ ಕಚ್ಚಿಗೆ ಕೂತರೂ ಕೆಳಭಾಗ ಬೆರಳಗಲ ಹೊರಗೇ ನಿಲ್ಲುತ್ತದೆ. ನೋಡಲು ಬಂದವರು ‘ಬಾಗಿಲು ಬಾಗಿದೆ, ಬದಲಾಯಿಸಿ’ ಎಂದು ಹೇಳಿ ಹೋದರು. ಚೌಕಟ್ಟಿನ ನಾಲ್ಕು ಮೂಲೆಗಳಿಂದ ಎರಡು ದಾರಗಳನ್ನು ಅಡ್ಡಡ್ಡಲಾಗಿ ಬಿಗಿದು ಕಟ್ಟಿದರೆ ನಡುವಿನಲ್ಲಿ ಅವು ಒಂದನ್ನೊಂದು ಮುಟ್ಟಬೇಕು. ನಾನು ಕಟ್ಟಿ ನೋಡಿದಾಗ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗವಿತ್ತು. ಬಾಗಿಲನ್ನು ಸಮತಟ್ಟಾದ ನೆಲದ ಮೇಲೆ ಮಲಗಿಸಿದರೆ ಅದು ಎಲ್ಲೂ ಅಲುಗುವುದಿಲ್ಲ. ತಪ್ಪು ಮಾಡದ ಬಾಗಿಲನ್ನು ಎಸೆಯಲು ಹೇಳುವುದಕ್ಕೆ ಮುಂಚೆ ಇಷ್ಟನ್ನಾದರೂ ನೋಡಬಾರದೇ?

ಇನ್ನು ಹಿಂಜ್ ಮತ್ತು ಸ್ಕ್ರೂಗಳ ವಿಷಯ. ನನಗೆ ಅತ್ಯಂತ ಹೆಚ್ಚು ನೋವು ಕೊಟ್ಟದ್ದು ಇದೇ, ಏಕೆಂದರೆ ಇದು ಅರಿವಿಲ್ಲದೆ ಆಗುವ ತಪ್ಪಲ್ಲ, ತಿಳಿದೂ ಮಾಡುವ ಅನ್ಯಾಯ. ಸ್ಕ್ರೂವನ್ನು ಮೊಳೆಯಂತೆ ಸುತ್ತಿಗೆಯಿಂದ ಮುಕ್ಕಾಲು ಪಾಲು ಹೊಡೆದು, ಕೊನೆಯ ಎರಡು ಸುತ್ತನ್ನು ಮಾತ್ರ ಸ್ಕ್ರೂಡ್ರೈವರಿನಿಂದ ತಿರುಗಿಸುವುದನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ, ಬೇಡವೆಂದು ಕೈಮುಗಿದು ಹೇಳಿಯೂ ಇದ್ದೇನೆ. ಸ್ಕ್ರೂ ಮರವನ್ನು ಹಿಡಿಯುವುದು ಅದರ ಸುರುಳಿಯ ಹಲ್ಲುಗಳು ಮರದ ಎಳೆಗಳ ನಡುವೆ ದಾರಿ ಕೊರೆದುಕೊಂಡು ಕೂರುವುದರಿಂದ. ಸುತ್ತಿಗೆಯಿಂದ ಹೊಡೆದಾಗ ಆ ಎಳೆಗಳು ಹರಿದುಹೋಗುತ್ತವೆ, ಮೇಲಿನಿಂದ ನೋಡಲು ತಲೆ ಸರಿಯಾಗಿ ಕೂತಂತೆ ಕಂಡರೂ ಒಳಗೆ ಹಿಡಿತವೇ ಇರುವುದಿಲ್ಲ. ಸ್ಕ್ರೂವಿನ ನಡುದಂಡದಷ್ಟೇ ದಪ್ಪದ ತೂತನ್ನು ಮೊದಲು ಡ್ರಿಲ್ಲಿನಿಂದ ಕೊರೆದು, ಬಳಿಕ ತಿರುಗಿಸುತ್ತಾ ಇಳಿಸಿದರೆ ಒಂದು ಸ್ಕ್ರೂವಿಗೆ ತಗಲುವ ಹೆಚ್ಚಿನ ಸಮಯ ಒಂದು ನಿಮಿಷವೂ ಇಲ್ಲ.

ಆ ಒಂದು ನಿಮಿಷವನ್ನು ಉಳಿಸಿದ್ದರ ಫಲವನ್ನು ಮೇಲಿನ ಹಿಂಜ್ ಅನುಭವಿಸುತ್ತದೆ. ಬಾಗಿಲಿನ ಭಾರ ಮೇಲಿನ ಹಿಂಜನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನ ಹಿಂಜನ್ನು ಚೌಕಟ್ಟಿನ ಒಳಕ್ಕೆ ಒತ್ತುತ್ತದೆ. 25 ಕಿಲೋ ತೂಕದ, 75 ಸೆಂ.ಮೀ. ಅಗಲದ ಬಾಗಿಲಿಗೆ ಈ ಎರಡು ಹಿಂಜ್‌ಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ಆ ಎಳೆತ ಸುಮಾರು 6 ಕಿಲೋ ಭಾರದಷ್ಟು, ಅಂತರ ಒಂದೇ ಮೀಟರ್ ಇದ್ದರೆ 9 ಕಿಲೋಗೂ ಹೆಚ್ಚು. ಹಿಡಿಕೆ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿ ಬಿಟ್ಟು ನೋಡಿದರೆ ಮೇಲಿನ ಹಿಂಜಿನ ತಗಡು ಎತ್ತಿದಾಗ ಮರಕ್ಕೆ ಒತ್ತಿಕೊಳ್ಳುವುದು, ಬಿಟ್ಟಾಗ ಮರದಿಂದ ಎದ್ದು ಬರುವುದು ಬರಿಗಣ್ಣಿಗೆ ಕಾಣುತ್ತದೆ. ಅಮ್ಮ ದಿನವೂ ಮಾಡುತ್ತಿದ್ದದ್ದು ಇದನ್ನೇ. ಸಡಿಲವಾದ ತೂತಿಗೆ ಅಂಟು ಹಚ್ಚಿದ ಮರದ ಕಡ್ಡಿ ಬಡಿದು, ಒಣಗಿದ ಮೇಲೆ ಹೊಸದಾಗಿ ತೂತು ಕೊರೆದು ಸ್ಕ್ರೂ ಹಾಕಬಹುದಿತ್ತು, ಇಲ್ಲವೇ ಇನ್ನೂ ಉದ್ದನೆಯ ಸ್ಕ್ರೂ ಹಾಕಬಹುದಿತ್ತು. ನಾಲ್ವರಲ್ಲಿ ಯಾರೂ ಇವೆರಡರಲ್ಲಿ ಒಂದನ್ನೂ ಮಾಡಲಿಲ್ಲ.

ಹಿಂಜ್ ಕೂರುವ ಗುಳಿಯದೂ ಇದೇ ಕಥೆ. ತಗಡಿನ ದಪ್ಪ ಎಷ್ಟೋ ಗುಳಿಯ ಆಳವೂ ಅಷ್ಟೇ ಇರಬೇಕು. ಉಳಿಯನ್ನು ಸಿಟ್ಟು ತೀರಿಸಿಕೊಳ್ಳುವವರಂತೆ ಹೊಡೆದು ಆಳವಾಗಿ ತೋಡಿದರೆ, ಬಾಗಿಲು ಪೂರ್ತಿ ಮುಚ್ಚುವ ಮುನ್ನವೇ ಅದರ ಅಂಚು ಚೌಕಟ್ಟಿಗೆ ಒತ್ತಿಕೊಂಡು ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಅದನ್ನು ಬಲವಂತವಾಗಿ ಮುಚ್ಚಿದಾಗಲೆಲ್ಲ ಸ್ಕ್ರೂಗಳು ಸ್ವಲ್ಪ ಸ್ವಲ್ಪವೇ ಕಿತ್ತುಬರುತ್ತವೆ. ಇದಕ್ಕೆ ಹಿಂಜಿನ ಹಿಂದೆ ಒಂದು ರಟ್ಟಿನ ತುಂಡು ಕೊಟ್ಟರೆ ಸಾಕು, ಇವರು ಇದಕ್ಕೂ ಚಿಲಕದ ಬದಿಯ ಅಂಚನ್ನೇ ಕೆತ್ತಿದರು.

ಮಳೆಗಾಲದಲ್ಲಿ ಗಟ್ಟಿಮರದ ಬಾಗಿಲು ಬಿಗಿಯುವುದು ಸಹಜ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಮರ ತನ್ನ ಎಳೆಗಳ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗಳಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಆದರೆ ಬಿಗಿದ ದಿನವೇ ಕೆತ್ತಿಬಿಟ್ಟರೆ ಬೇಸಿಗೆಯಲ್ಲಿ ಆ ಸಂದಿನಿಂದ ಬೆಳಕು ಗೆರೆಯಾಗಿ ಒಳಗೆ ಬೀಳುತ್ತದೆ ಎಂಬುದನ್ನು ಕೆತ್ತುವವರು ಹೇಳಬೇಕಲ್ಲವೇ?

ಇಷ್ಟೆಲ್ಲ ಹೇಳಿದರೆ ಬರುವ ಉತ್ತರ ಒಂದೇ, ‘ಎಲ್ಲರ ಮನೆಯಲ್ಲೂ ಹೀಗೆಯೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.’ ಬಾಗಿಲು ಕೂರಿಸುವುದು ಕಷ್ಟದ ಕಸುಬು, ಅದನ್ನು ಬಲ್ಲ ಕೈಗಳ ಬಗ್ಗೆ ನನಗೆ ಆಳವಾದ ಗೌರವವಿದೆ. ಆ ಗೌರವ ಇರುವುದರಿಂದಲೇ ಈ ಮಾತು ನನಗೆ ಸಹಿಸಲಾಗುವುದಿಲ್ಲ. ಮಂಡಿನೋವಿನ ಹೆಂಗಸು ದಿನಕ್ಕೆ ನಾಲ್ಕು ಸಲ 25 ಕಿಲೋದ ಬಾಗಿಲನ್ನು ಎತ್ತಿ ಹಿಡಿಯುವುದಕ್ಕೆ ಅಡ್ಜಸ್ಟ್ ಎಂಬ ಹೆಸರು ಕೊಡಲು ನಾನು ಸಿದ್ಧನಿಲ್ಲ.

ಸದ್ಯಕ್ಕೆ ಬಾಗಿಲನ್ನು ನಾನೇ ಕಳಚಿ ಗೋಡೆಗೆ ಒರಗಿಸಿದ್ದೇನೆ, ಬಚ್ಚಲಿಗೆ ದಪ್ಪ ಪರದೆ ಕಟ್ಟಿದ್ದೇನೆ. ಚೌಕಟ್ಟಿನ ಸುತ್ತಲಿನ ಗಾರೆಯನ್ನು ಒಡೆಸಿ, ಎರಡು ಮರಗಳನ್ನೂ ಗುಂಡಿಗೆ ಸರಿಯಾಗಿ ನಿಲ್ಲಿಸಿ, ಕರ್ಣಗಳ ಅಳತೆಯನ್ನು ನನ್ನ ಕಣ್ಣೆದುರಿಗೇ ಅಳೆದು ತೋರಿಸುವವರು ಸಿಕ್ಕ ಮೇಲೆಯೇ ಹೊಸ ಬಾಗಿಲು ತರುತ್ತೇನೆ. ನಿನ್ನೆ ಒಬ್ಬರಿಗೆ ಫೋನ್ ಮಾಡಿ ಇಷ್ಟನ್ನೂ ವಿವರಿಸಿ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ‘ಬಾಗಿಲು ಎಷ್ಟು ಕೆತ್ತಬೇಕು, ಹೇಳಿ’ ಎಂದರು. ನಾನು ಫೋನ್ ಇಟ್ಟುಬಿಟ್ಟೆ.