ಕಾವಲುಗಾರ ಬರುತ್ತಾನೆ, ಬೀಗ ತೆಗೆದಿಡಿ

ಮಗಳಿಗೆ ಹನ್ನೆರಡು ತುಂಬಿದ ವಾರ ಅವಳ ಕೈಗೆ ಮೊಬೈಲು ಬಂತು. ಮರುವಾರ ನನ್ನ ನಿದ್ದೆ ಹೋಯಿತು. ಮಗು ಎಲ್ಲಿದೆ, ಯಾರೊಡನೆ ಮಾತನಾಡುತ್ತಿದೆ, ಏನು ನೋಡುತ್ತಿದೆ ಎಂಬುದನ್ನು ಮಗುವನ್ನೇ ಕೇಳಿ ತಿಳಿದುಕೊಳ್ಳುವ ಹಳೆಯ ಪದ್ಧತಿ ನನ್ನಂಥ ಜವಾಬ್ದಾರಿಯುತ ತಂದೆಗೆ ಶೋಭಿಸುವುದಿಲ್ಲವಾದ್ದರಿಂದ, ಅವಳ ಮೊಬೈಲಿಗೊಂದು ನಿಗಾ ಆ್ಯಪ್ ಆರಿಸಲು ಟೊಂಕ ಕಟ್ಟಿ ನಿಂತೆ.

‘ಅತ್ಯುತ್ತಮ ಹತ್ತು’ ಎಂಬ ಪಟ್ಟಿಗಳನ್ನು ಮೂರು ರಾತ್ರಿ ಓದಿದೆ. ಒಂದರಲ್ಲಿ ಮೊದಲ ಸ್ಥಾನ ಪಡೆದ ಆ್ಯಪ್ ಇನ್ನೊಂದರಲ್ಲಿ ಹೆಸರಿಗೂ ಇರಲಿಲ್ಲ. ಪ್ರತಿ ಹೆಸರಿನ ಪಕ್ಕದಲ್ಲಿ ‘ಈಗಲೇ ಖರೀದಿಸಿ’ ಎಂಬ ಗುಂಡಿಯಿತ್ತು. ಅದನ್ನು ಒತ್ತಿದರೆ ಪಟ್ಟಿ ಬರೆದವರಿಗೆ ಕಮಿಷನ್ ಸಲ್ಲುತ್ತದೆ ಎಂಬ ಒಕ್ಕಣೆ ಪುಟದ ಬುಡದಲ್ಲಿ ಇರುವೆ ಸಾಲಿನಂತೆ ಹರಿದಿತ್ತು. ಕೋಷ್ಟಕದಲ್ಲಿ ಹಸಿರು ಗುರುತುಗಳು ಹೆಚ್ಚಿದಷ್ಟೂ ಹೆತ್ತವರ ಅಕ್ಕರೆ ಹೆಚ್ಚು ಎಂಬುದಂತೂ ನನಗೆ ಮನದಟ್ಟಾಯಿತು.

ಗೂಗಲ್‌ನವರ ಫ್ಯಾಮಿಲಿ ಲಿಂಕ್ 2017ರಿಂದ, ಆ್ಯಪಲ್‌ನವರ ಸ್ಕ್ರೀನ್ ಟೈಮ್ 2018ರಿಂದ ಪುಕ್ಕಟೆಯಾಗಿಯೇ ದೊರೆಯುತ್ತಿವೆ. ಇಷ್ಟು ಹೊತ್ತು ಆಟ, ಇಷ್ಟು ಗಂಟೆಗೆ ಬಂದ್, ಹೊಸ ಆ್ಯಪ್ ಬೇಕಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಎಂಬಷ್ಟನ್ನು ಅವು ಅಚ್ಚುಕಟ್ಟಾಗಿ ಮಾಡುತ್ತವೆ. ಆದರೆ ಫ್ಯಾಮಿಲಿ ಲಿಂಕ್‌ನಲ್ಲಿ ಎರಡು ಘೋರ ದೋಷಗಳು ಕಂಡವು: ಒಂದು, ನಿಗಾ ಇದೆಯೆಂಬುದು ಮಗುವಿಗೆ ಗೊತ್ತಾಗುತ್ತದೆ, ಎರಡು, ಮಗುವಿನ ಮೆಸೇಜುಗಳನ್ನು ಅದು ನಮಗೆ ಓದಿಸುವುದಿಲ್ಲ. ಹೇಳಿ ಮಾಡುವ ಕಾವಲೂ ಒಂದು ಕಾವಲೇ? ಅದನ್ನು ಅಂದೇ ಕೈಬಿಟ್ಟೆ.

ಕೊನೆಗೆ ನಾನು ಮೆಚ್ಚಿದ್ದು ‘ಅದೃಶ್ಯ ಮೋಡ್’ ಇರುವ ಒಂದು ಆ್ಯಪ್. ಮೊದಲ ಏಳು ದಿನ ಉಚಿತ. ಮೊಬೈಲಿನ ಪರದೆಯ ಮೇಲೆ ಅದರ ಚಿಹ್ನೆಯೇ ಕಾಣುವುದಿಲ್ಲ. ಅಳವಡಿಸುವ ಸೂಚನೆಗಳ ಮೊದಲ ಸಾಲನ್ನು ಓದಿ ಪುಳಕಿತನಾದೆ. ಹಾನಿಕರ ಆ್ಯಪ್‌ಗಳನ್ನು ಪತ್ತೆಹಚ್ಚುವ ಪ್ಲೇ ಪ್ರೊಟೆಕ್ಟ್ ಎಂಬ ರಕ್ಷಣಾ ವ್ಯವಸ್ಥೆಯನ್ನು ಮೊದಲು ಆಫ್ ಮಾಡಬೇಕಂತೆ, ಇಲ್ಲದಿದ್ದರೆ ಅದು ಇವರನ್ನೇ ಹಾನಿಕರವೆಂದು ತಪ್ಪು ತಿಳಿಯುತ್ತದಂತೆ. ಎರಡನೆಯ ಸಾಲು, ಅಪರಿಚಿತ ಮೂಲದ ಆ್ಯಪ್‌ಗಳಿಗೆ ಅನುಮತಿ ಕೊಡಿ ಎಂದಿತು. ಮೂರನೆಯದು, ಪರದೆಯ ಮೇಲೆ ಮೂಡುವುದನ್ನೆಲ್ಲ ಓದಬಲ್ಲ ಆ್ಯಕ್ಸೆಸಿಬಿಲಿಟಿ ಪರವಾನಗಿಯನ್ನು ಕೇಳಿತು. ಮನೆ ಕಾಯಲು ಬಂದವನು ಬಾಗಿಲ ಬೀಗ ತೆಗೆಸಿ, ನಾಯಿಯನ್ನು ಹೊರಗಟ್ಟಿಸಿ, ಬೀರುವಿನ ಕೀಲಿಕೈಯನ್ನೂ ಇಸಿದುಕೊಂಡು ‘ಇನ್ನು ನಿಶ್ಚಿಂತೆಯಿಂದ ಮಲಗಿ’ ಎಂದಂತಾಯಿತು.

ಇದರಲ್ಲಿ ಹೊಸತೇನೂ ಇಲ್ಲ, ಪರಂಪರೆಯೇ ಇದೆ. ಟೀನ್‌ಸೇಫ್ ಎಂಬ ಆ್ಯಪ್ ಕೆಲಸ ಮಾಡಬೇಕಾದರೆ ಮಗುವಿನ ಆ್ಯಪಲ್ ಖಾತೆಯ ಎರಡು ಹಂತದ ದೃಢೀಕರಣವನ್ನು ತೆಗೆದುಹಾಕಬೇಕಿತ್ತು. 2018ರಲ್ಲಿ ಅದರ ಸರ್ವರ್ ಪಾಸ್‌ವರ್ಡ್ ಕೂಡ ಇಲ್ಲದೆ ಬಟ್ಟಂಬಯಲಲ್ಲಿ ನಿಂತಿದ್ದು ಪತ್ತೆಯಾದಾಗ, ಮಕ್ಕಳ ಖಾತೆಯ ಪಾಸ್‌ವರ್ಡುಗಳು ಯಾವ ಗೂಢಲಿಪಿಯ ಹಂಗೂ ಇಲ್ಲದೆ ಹಾಗೆಹಾಗೇ ಓದಸಿಗುವಂತಿದ್ದವು. ಅದೇ ವರ್ಷ ಫ್ಯಾಮಿಲಿ ಆರ್ಬಿಟ್ ಎಂಬ ಇನ್ನೊಂದು ಕಂಪನಿಯಿಂದ, ಕಾವಲಿನಲ್ಲಿದ್ದ ಮಕ್ಕಳ ಫೋಟೊ ಮತ್ತು ವಿಡಿಯೊಗಳ 281 ಗಿಗಾಬೈಟ್ ರಾಶಿ ಹ್ಯಾಕರ್ ಕೈಗೆ ಸಿಕ್ಕಿತು. ಎಂಸ್ಪೈ ಎಂಬ ನಿಗಾ ಆ್ಯಪ್ ಮಾತ್ರ ಹೆಚ್ಚು ನಿಯಮಬದ್ಧ: 2015, 2018, 2024, ಹೀಗೆ ಮೂರು ಬಾರಿ ಅದರ ಮಾಹಿತಿ ಹೊರಬಿದ್ದಿದೆ. ಸೋರಿಕೆಯಾಗುವವರೆಗೆ ಕಾಯುವ ತಾಳ್ಮೆಯಿಲ್ಲದವರು ತಾವೇ ಹಂಚುತ್ತಾರೆ. 2020ರಲ್ಲಿ ಸಂಶೋಧಕರು ಆಂಡ್ರಾಯ್ಡಿನ 46 ನಿಗಾ ಆ್ಯಪ್‌ಗಳನ್ನು ಬಿಚ್ಚಿ ನೋಡಿದಾಗ ಅವುಗಳಲ್ಲಿ ಶೇ 72ರಷ್ಟು, ತಮ್ಮ ಗೋಪ್ಯತಾ ನೀತಿಯಲ್ಲಿ ಹೆಸರೇ ಎತ್ತದ ಮೂರನೆಯವರಿಗೆ ಮಾಹಿತಿ ದಾಟಿಸುತ್ತಿದ್ದವು; ಜಾಹೀರಾತಿನವರೂ ಆ ಸಾಲಿನಲ್ಲಿದ್ದರು. ಅಪರಿಚಿತರು ಮಗುವನ್ನು ನೋಡಬಾರದೆಂದು ಹಣ ಕೊಡುವವರು ನಾವು, ಆ ಅಪರಿಚಿತರಿಗೆ ಮಗುವನ್ನು ತೋರಿಸುವವರೂ ನಾವೇ ಗೊತ್ತುಮಾಡಿದವರು. ಆದರೂ ಇಷ್ಟು ಹಸಿರು ಗುರುತುಗಳಿರುವ ಆ್ಯಪನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಅಳವಡಿಸಲು ನಡುರಾತ್ರಿಯ ಮುಹೂರ್ತವೇ ಸೂಕ್ತವೆನಿಸಿತು. ಮಗಳ ಕೋಣೆಗೆ ಕಾಲ್ತುದಿಯಲ್ಲಿ ನಡೆದುಹೋಗಿ, ದಿಂಬಿನ ಪಕ್ಕದ ಮೊಬೈಲನ್ನು ಎತ್ತಿಕೊಂಡು, ಹೊದಿಕೆಯಿಂದ ಹೊರಚಾಚಿದ್ದ ಅವಳ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು ಪರದೆಗೆ ಒತ್ತಿದೆ. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಮೊಬೈಲು ಸಣ್ಣಗೆ ನಡುಗಿತೇ ಹೊರತು ತೆರೆಯಲಿಲ್ಲ. ಮೂರನೆಯ ಬಾರಿ ಒತ್ತುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡೇ ಅವಳೆಂದಳು: “ಅಪ್ಪಾ, ಹೆಬ್ಬೆರಳಲ್ಲ, ತೋರುಬೆರಳು.”

ಮುಂದಿನದು ಸಲೀಸಾಯಿತು. ಪ್ಲೇ ಪ್ರೊಟೆಕ್ಟ್ ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ, ಅವಳೇ ಹುಡುಕಿ ಆಫ್ ಮಾಡಿಕೊಟ್ಟಳು. ‘ಅದೃಶ್ಯ ಮೋಡ್’ ಆನ್ ಮಾಡಿದವಳೂ ಅವಳೇ. “ಹೋಗಿ ಮಲಗಿ ಅಪ್ಪಾ, ನನಗೆ ಏನೂ ಕಾಣಿಸುತ್ತಿಲ್ಲ,” ಎಂದು ಹೇಳಿ ಗೋಡೆಯ ಕಡೆ ಮಗ್ಗುಲಾದಳು.

ಅಂದಿನಿಂದ ನನ್ನ ಮೊಬೈಲಿಗೆ ಎಚ್ಚರಿಕೆಗಳ ಸುರಿಮಳೆ. ಸಭೆಯೊಂದರ ನಡುವೆ ‘ತೀವ್ರ ಅಪಾಯ: ಬಂದೂಕಿನ ಪ್ರಸ್ತಾಪ’ ಎಂದು ಕೆಂಪು ಅಕ್ಷರಗಳು ಮಿನುಗಿದಾಗ ಎದೆ ಧಸಕ್ಕೆಂದು, ಹೊರಗೆ ಓಡಿಬಂದು ತೆರೆದು ನೋಡಿದರೆ, ಗೆಳತಿಯೊಬ್ಬಳಿಗೆ ಮಗಳು ‘ಹೋಮ್‌ವರ್ಕ್ ಸ್ಕ್ರೀನ್‌ಶಾಟ್ ಕಳಿಸು’ ಎಂದು ಬರೆದಿದ್ದಳು, ಆ ಪದದ ಬಾಲದಲ್ಲಿದ್ದ ‘ಶಾಟ್’ ಎಂಬುದನ್ನು ಕೃತಕ ಬುದ್ಧಿಮತ್ತೆಯು ಗುಂಡಿನ ಸದ್ದೆಂದು ಗ್ರಹಿಸಿತ್ತು. ಮನೆಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಕೆ ಹಾಕಿ ಮಕ್ಕಳು ಆಡಿಕೊಳ್ಳುವ ನಿಜವಾದ ಬೈಗುಳಗಳ ಬಗ್ಗೆ ಮಾತ್ರ ಅದು ಒಂದೇ ಒಂದು ಸಲವೂ ಉಸಿರೆತ್ತಲಿಲ್ಲ.

ಈ ವಿಷಯದಲ್ಲಿ ಮಕ್ಕಳ ಅಭಿಪ್ರಾಯವನ್ನೂ ಒಬ್ಬರು ಕೇಳಿದ್ದಾರೆನ್ನಿ. ಗೂಗಲ್ ಪ್ಲೇಯಲ್ಲಿ ನಿಗಾ ಆ್ಯಪ್‌ಗಳ ಬಗ್ಗೆ ಮಕ್ಕಳೇ ಬರೆದ 736 ವಿಮರ್ಶೆಗಳನ್ನು ಸಂಶೋಧಕರು 2018ರಲ್ಲಿ ಪರಿಶೀಲಿಸಿದಾಗ, ಶೇ 79ರಷ್ಟು ವಿಮರ್ಶೆಗಳು ಐದಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ನಕ್ಷತ್ರ ಕೊಟ್ಟಿದ್ದವು. ಕೈದಿಗಳನ್ನು ಕೇಳಿ ಸೆರೆಮನೆಗೆ ಅಂಕ ಕೊಡುವುದುಂಟೇ ಎಂದು ನಾನು ಆ ಅಂಕಿಗಳನ್ನು ತಳ್ಳಿಹಾಕಿದೆ.

ಎಂಟನೆಯ ದಿನ ನನ್ನ ಕಾರ್ಡಿನಿಂದ ಇಡೀ ವರ್ಷದ ಶುಲ್ಕ ಕಡಿತವಾಯಿತು. ಆ್ಯಪನ್ನು ರದ್ದುಪಡಿಸಲು ನಾನೇ ಇಟ್ಟಿದ್ದ ಪಾಸ್‌ವರ್ಡ್ ಬೇಕಿತ್ತು. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಮೊಬೈಲು ಇಸಿದುಕೊಂಡು ತನ್ನ ಹುಟ್ಟಿದ ತಾರೀಕು ಒತ್ತಿದಳು. ತೆರೆಯಿತು. “ಇಷ್ಟು ಸುಲಭದ್ದನ್ನು ಇಡಬಾರದು ಅಪ್ಪಾ, ಯಾರು ಬೇಕಾದರೂ ಕಂಡುಹಿಡಿಯುತ್ತಾರೆ,” ಎಂದು ಅಲ್ಲಿಯೇ ಬದಲಾಯಿಸಿಯೂ ಬಿಟ್ಟಳು. ಹೊಸ ಪಾಸ್‌ವರ್ಡ್ ಏನೆಂದು ಇನ್ನೂ ಹೇಳಿಲ್ಲ.