ಬಜ್ಪೆಯಲ್ಲಿ ಎರಡನೇ ಸುತ್ತು

ಮಂಗಳೂರಿನ ವಿಮಾನ ನಿಲ್ದಾಣ ಇರುವುದು ಬಜ್ಪೆಯಲ್ಲಿ. ಮಳೆಗಾಲ ಬಂತೆಂದರೆ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸುದ್ದಿ ತಪ್ಪದೆ ಹರಿದಾಡುತ್ತದೆ: ‘ಬಜ್ಪೆಯಲ್ಲಿ ಇಳಿಯಲು ವಿಫಲವಾದ ವಿಮಾನ, ಕೂದಲೆಳೆಯ ಅಂತರದಲ್ಲಿ ಪ್ರಯಾಣಿಕರು ಪಾರು.’ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಆ ‘ವಿಫಲ’ ಎಂಬ ಪದ ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ. ಮೊದಲು ಬರುತ್ತಿರಲಿಲ್ಲ, ಕೈಮುಗಿದ ಚಿತ್ರ ಹಾಕುವವರಲ್ಲಿ ನಾನೂ ಒಬ್ಬನಾಗಿದ್ದೆ. ಹೋದ ವರ್ಷ ಆಟಿ ತಿಂಗಳ ಒಂದು ಸಂಜೆ ಅಂಥದೇ ವಿಮಾನದ ಎರಡನೇ ಸಾಲಿನಲ್ಲಿ ಕುಳಿತು ಬಂದ ಮೇಲೆ ಬುದ್ಧಿ ಬಂತು.

ಮುಂಬೈಯಿಂದ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಡೊಂಬಿವಲಿಯ ಮಗನ ಮನೆಯಿಂದ ಕಿನ್ನಿಗೋಳಿಗೆ ಮರಳುತ್ತಿದ್ದ ಅಜ್ಜಿ. ಬಟ್ಟೆಯ ಚೀಲವನ್ನು ಮೇಲಿಡಲು ಬಿಡದೆ, ಕೊನೆಗೆ ಕಾಲಡಿಗೆ ಇಡಲು ಒಪ್ಪಿದ್ದರು. ಘಟ್ಟದ ಕಡೆಗೆ ತಿರುಗಿ ಇಳಿಯತೊಡಗಿದಾಗ ಕಿಟಕಿಯ ಹೊರಗೆ ಒದ್ದೆ ಬೈರಾಸು ಒಣಹಾಕಿದ ಹಾಗೆ ಮೋಡ. ಚಕ್ರಗಳು ಹೊರಗೆ ಬಂದ ಸದ್ದು ಕೇಳಿಸಿತು. ಒಂದು ಕ್ಷಣ ಮೋಡ ಹರಿದು ಅಡಿಕೆ ತೋಟ, ನೀಲಿ ಟಾರ್ಪಾಲು ಹೊದಿಸಿದ ಒಂದು ಮನೆಯ ಮಾಡು, ಮುರಕಲ್ಲಿನ ಆವರಣಗೋಡೆ ಕಂಡವು. ಮರುಕ್ಷಣ ಎಲ್ಲವೂ ಮತ್ತೆ ಬಿಳಿ. ಅಲ್ಲಿಯವರೆಗೆ ಸಣ್ಣಗೆ ಗುಂಯ್‌ಗುಡುತ್ತಿದ್ದ ಎಂಜಿನುಗಳು ಒಮ್ಮೆಲೇ ಬೊಬ್ಬಿರಿದವು. ಬೆನ್ನು ಸೀಟಿಗೆ ಅಂಟಿತು. ಇಳಿಯಬೇಕಾದ ವಿಮಾನ ಮೂತಿ ಎತ್ತಿ ಏರತೊಡಗಿತು. ಕಾಲಡಿಯಲ್ಲಿ ಚಕ್ರಗಳು ಗಡಗಡನೆ ಒಳಸೇರಿದವು.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡು, ‘ದಾದ ಆಂಡ್?’ ಎಂದರು. ಏನಾಯಿತೆಂದು ನನಗೂ ತಿಳಿಯಲಿಲ್ಲ. ಎದುರಿನ ಮಡಚುವ ಆಸನದಲ್ಲಿದ್ದ ಗಗನಸಖಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಕದಲಲಿಲ್ಲ, ಅದೊಂದೇ ಧೈರ್ಯ. ಹಿಂದಿನಿಂದ ವಾರಕ್ಕೊಮ್ಮೆ ಹಾರಾಡುವ ಗತ್ತಿನ ದನಿಯೊಂದು ತೀರ್ಪು ಕೊಟ್ಟಿತು: ‘ಹೊಸ ಹುಡುಗ ಇರಬೇಕು, ಅಂದಾಜು ತಪ್ಪಿದೆ.’

ಆಮೇಲೆ ಆರೇಳು ನಿಮಿಷ ಯಾರೂ ಮಾತನಾಡಲಿಲ್ಲ. ಈ ವಿಷಯದಲ್ಲಿ ನನ್ನ ದೂರು ಇದ್ದೇ ಇದೆ. ಪೈಲಟುಗಳಿಗೆ ಮೊದಲು ವಿಮಾನ ಹಾರಿಸುವುದು, ಆಮೇಲೆ ದಾರಿ ನೋಡುವುದು, ಮಾತು ಕೊನೆಗೆ ಎಂಬ ಪಾಠವಿದೆ, ಅದು ಸರಿಯೇ. ಮೇಲೇರುವ ಆ ಹೊತ್ತಿನಲ್ಲಿ ಚಕ್ರ, ಫ್ಲಾಪ್, ವೇಗ, ಎತ್ತರ, ನಿಯಂತ್ರಣ ಗೋಪುರ ಎಂದು ಇಬ್ಬರಿಗೂ ಕೈತುಂಬ ಕೆಲಸ. ಆದರೆ ‘ಇನ್ನೊಂದು ಸುತ್ತು ಬರುತ್ತಿದ್ದೇವೆ, ಹೆದರಬೇಡಿ’ ಎಂಬ ಒಂದು ಸಾಲನ್ನು ಮೊದಲೇ ಮುದ್ರಿಸಿಟ್ಟುಕೊಂಡು ಕೇಳಿಸಬಾರದೇ? ಕೊನೆಗೂ ಬಂದ ಪ್ರಕಟಣೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಅಜ್ಜಿಗೆ ಎರಡೂ ಬಾರದು. ಮಂಗಳೂರಿಗೆ ಇಳಿಯುವ ವಿಮಾನದಲ್ಲಿ ಒಂದು ಸಾಲು ಕನ್ನಡಕ್ಕೆ, ಒಂದು ಸಾಲು ತುಳುವಿಗೆ ಎಷ್ಟು ಇಂಧನ ಸುಡುತ್ತದೆಯೋ!

ಇಷ್ಟು ಬೈದ ಮೇಲೆ ಹೊಗಳಬೇಕಾದದ್ದನ್ನೂ ಹೇಳುತ್ತೇನೆ. ಬಜ್ಪೆಯದು ಗುಡ್ಡದ ನೆತ್ತಿಯನ್ನು ಮಟ್ಟ ಮಾಡಿ ಕಟ್ಟಿದ ನಿಲ್ದಾಣ. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದು ಉದ್ಘಾಟಿಸಿದ್ದು ಎಂದು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಈಗಿನ ದೊಡ್ಡ ರನ್‌ವೇ 2450 ಮೀಟರ್, ಬೆಂಗಳೂರಿನದು 4000. ಅಲ್ಲಿ ಸ್ವಲ್ಪ ಮುಂದೆ ಹೋಗಿ ನೆಲ ಮುಟ್ಟಿದರೂ ನಡೆದೀತು. ಇಲ್ಲಿ ರನ್‌ವೇ ಮುಗಿದರೆ ಕಣಿವೆ.

ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ 166 ಜನರಿದ್ದರು, ಬದುಕಿದ್ದು ಎಂಟು ಮಂದಿ. ತನಿಖೆಯಿಂದ ಹೊರಬಂದ ವಿವರಗಳಲ್ಲಿ ನನ್ನ ತಲೆಯಿಂದ ಹೋಗದಿರುವುದು ಒಂದು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿತ್ತು. ಸಹಪೈಲಟ್ ‘ಗೋ ಅರೌಂಡ್’ ಎಂದು ಒಂದಲ್ಲ, ಮೂರು ಸಲ ಹೇಳಿದ್ದರು. ಅಂದರೆ ‘ಇಳಿಸುವುದು ಬೇಡ, ಮೇಲೆ ಹೋಗೋಣ’ ಎಂದು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8000 ಅಡಿಯ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಹಾಕಿ, ವೇಗ ತಗ್ಗಿಸಲು ಎಂಜಿನಿನ ರಿವರ್ಸ್ ಕೊಟ್ಟಾದ ಮೇಲೆ ಮತ್ತೆ ಹಾರಲು ನೋಡಿದರು. ರಿವರ್ಸ್ ಕೊಟ್ಟ ಮೇಲೆ ಹಾರುವಂತಿಲ್ಲ ಎಂಬುದು ನಿಯಮ. ಮರಳಿ ಏರುವುದಕ್ಕೂ ಒಂದು ಹೊತ್ತಿದೆ, ಅದು ಆಗಲೇ ಮೀರಿ ಹೋಗಿತ್ತು. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನ ಅಂಥದೇ ಗುಡ್ಡದ ಮೇಲೆ, ಸುರಿಯುವ ಮಳೆಯಲ್ಲಿ ಮೊದಲ ಸಲ ಸರಿಯಾಗಿಯೇ ಮೇಲೆದ್ದ ವಿಮಾನ ಎರಡನೇ ಸಲ ರನ್‌ವೇಯ ಅರ್ಧದ ಸುಮಾರಿಗೆ ನೆಲ ಮುಟ್ಟಿತು. ಅಲ್ಲಿಯೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಇಪ್ಪತ್ತೊಂದು ಜೀವ ಹೋಯಿತು.

ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ ನದಿಯ ಪಕ್ಕ 2010ರ ಸ್ಮಾರಕವಿದೆ. ಬೀಚಿಗೆ ಹೋಗುವ ಅವಸರದಲ್ಲಿ ನಾವೆಲ್ಲ ದಾಟಿ ಹೋಗುವ ಜಾಗ. ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದ್ದು ಅಲ್ಲಿಯೇ. ಹೀಗಿರುವಾಗ, ಇಳಿಯದೆ ಮೇಲೆದ್ದ ಪೈಲಟನಿಗೆ ‘ವಿಫಲ’ ಎಂಬ ಹಣೆಪಟ್ಟಿ ಕಟ್ಟಲು ಬೇರೆ ಯಾವ ಊರಿನವರಿಗೆ ಮನಸ್ಸು ಬಂದರೂ ನಮಗೆ ಬರಬಾರದಿತ್ತು.

ನನ್ನ ದೊಡ್ಡಮಾವ ಕೋಡಿಬೇಂಗ್ರೆಯಲ್ಲಿ ತಂಡೇಲನಾಗಿದ್ದವರು, ಅಂದರೆ ಮೀನುಗಾರಿಕೆ ದೋಣಿ ನಡೆಸುವ ಮುಖ್ಯಸ್ಥ. ಮಳೆಗಾಲದಲ್ಲಿ ನಾಡದೋಣಿ ಮರಳುವಾಗ ಅಳಿವೆ ಬಾಗಿಲಿನಲ್ಲಿ ಅಲೆ ಏರಿದ್ದರೆ ಒಳಗೆ ನುಗ್ಗುತ್ತಿರಲಿಲ್ಲ. ದೋಣಿಯನ್ನು ಹೊರಗೆ ತಿರುಗಿಸಿ, ಅಲೆ ಎಣಿಸುತ್ತ ಕಾಯುತ್ತಿದ್ದರು. ಬಲೆಯಲ್ಲಿ ಮೀನು ಬಾಡುತ್ತಿರುತ್ತಿತ್ತು, ದಡದಲ್ಲಿ ವ್ಯಾಪಾರಿಗಳು ಗಡಿಬಿಡಿ ಮಾಡುತ್ತಿದ್ದರು. ‘ಮೀನು ಹಾಳಾದರೆ ನಾಳೆ ಮತ್ತೆ ಹಿಡಿಯಬಹುದು ಮಾರಾಯ’ ಎನ್ನುತ್ತಿದ್ದರು. ಅವರನ್ನು ಯಾರೂ ಹೆದರುಪುಕ್ಕಲ ಎನ್ನಲಿಲ್ಲ. ದಡಕ್ಕೆ ಬಂದ ಮೇಲೆ ಚಹಾ ಕುಡಿಸುತ್ತಿದ್ದರು, ಅಷ್ಟೆ.

ಪೈಲಟನದೂ ಅದೇ ಲೆಕ್ಕ. ನಿಗದಿತ ಎತ್ತರಕ್ಕೆ ಇಳಿಯುವಷ್ಟರಲ್ಲಿ ವೇಗ, ದಿಕ್ಕು, ಇಳಿಜಾರು ಎಲ್ಲ ಹದಕ್ಕೆ ಬಂದಿರಬೇಕು, ರನ್‌ವೇ ಕಣ್ಣಿಗೆ ಬಿದ್ದಿರಬೇಕು. ಇಲ್ಲವಾದರೆ ಮೇಲೆ. ಇನ್ನೊಂದು ಸುತ್ತಿಗೆ, ಬೇರೆ ನಿಲ್ದಾಣಕ್ಕೆ ಹೋಗುವುದಕ್ಕೆ, ಅಲ್ಲಿಯೂ ಕಾಯಬೇಕಾದರೆ ಅರ್ಧ ಗಂಟೆಗೆ ಇಂಧನ ಮೊದಲೇ ತುಂಬಿರುತ್ತದೆ. ಹೇಳಲು ಸುಲಭ. ಆದರೆ ಫ್ಲೈಟ್ ಸೇಫ್ಟಿ ಫೌಂಡೇಶನ್ನಿನ ಅಧ್ಯಯನದ ಪ್ರಕಾರ, ಹದ ತಪ್ಪಿ ಇಳಿಯುತ್ತಿರುವ ನೂರು ವಿಮಾನಗಳಲ್ಲಿ ಮರಳಿ ಏರುವವು ಬರೀ ಮೂರು. ಉಳಿದ ತೊಂಬತ್ತೇಳು ‘ಆದೀತು’ ಎಂದು ಇಳಿಯುತ್ತವೆ, ಹೆಚ್ಚಿನ ಸಲ ಆಗಿಯೂ ಬಿಡುತ್ತದೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟೈಮಿಂಗಿನ ಜಗಳ ನೋಡಿದವರಿಗೆ ‘ಆದೀತು’ ಎಂಬ ಮಾತಿನ ರುಚಿ ಗೊತ್ತಿರುತ್ತದೆ.

ಇಪ್ಪತ್ತು ನಿಮಿಷ ಸುತ್ತಿ ಎರಡನೇ ಸಲ ಬಂದೆವು. ಈ ಸಲ ದೀಪಗಳು ಕಂಡವು. ವಿಮಾನ ನೆಲಕ್ಕೆ ದಢಾರನೆ ಕುಟ್ಟಿತು, ಅಜ್ಜಿಯ ಚೀಲ ಮುಂದಕ್ಕೆ ಜಾರಿತು, ಬ್ರೇಕಿಗೆ ಎಲ್ಲರೂ ಬಾಗಿದೆವು. ‘ಇಳಿಸಲೂ ಬರುವುದಿಲ್ಲ ಇವನಿಗೆ’ ಎಂದಿತು ಹಿಂದಿನ ದನಿ. ನನಗೆ ನಗು ಬಂತು. ಹೂವಿನ ಹಾಗೆ ಇಳಿಸಲು ಹೋದರೆ ವಿಮಾನ ನೆಲದ ಮೇಲೆಯೇ ತೇಲುತ್ತ ರನ್‌ವೇ ತಿನ್ನುತ್ತದೆ. ನೀರು ನಿಂತ ಗುಡ್ಡದ ರನ್‌ವೇಯಲ್ಲಿ ಚಕ್ರ ನೀರನ್ನು ಸೀಳಿ ನೆಲ ಕಚ್ಚಬೇಕು. ಅದಕ್ಕೆ ಕುಟ್ಟಿ ಇಳಿಸುವುದೇ ಸರಿ. ನಾವು ಬೈಯುವುದು ಎರಡಕ್ಕೆ, ಮೇಲೆದ್ದದ್ದಕ್ಕೆ ಮತ್ತು ಕುಟ್ಟಿದ್ದಕ್ಕೆ. ಬಜ್ಪೆಯಲ್ಲಿ ನಮ್ಮನ್ನು ಮನೆಗೆ ಮುಟ್ಟಿಸುವುದೂ ಆ ಎರಡೇ.

ಇಳಿಯುವ ಸಾಲಿನಲ್ಲಿ ಅಜ್ಜಿ ಬಾಗಿಲ ಬಳಿ ನಿಂತುಬಿಟ್ಟರು. ಪೈಲಟನ ಹೆಸರು, ನಕ್ಷತ್ರ ಕೇಳಿ ಕೊಡು ಎಂದು ನನಗೆ ಹೇಳಿದರು. ಕಟೀಲಿನಲ್ಲಿ ಹೂವಿನ ಪೂಜೆ ಮಾಡಿಸಬೇಕಂತೆ. ನಾನು ಹಿಂದಿಯಲ್ಲಿ ಗಗನಸಖಿಗೆ ವಿವರಿಸಿದೆ. ಅವಳು ಮೊದಲ ಸಲ ನಕ್ಕಳು. ಒಳಗೆ ಹೋಗಿ ಕೇಳಿ ಬಂದು, ‘ಹುಟ್ಟಿದ ದಿನ ಮಾತ್ರ ಗೊತ್ತಂತೆ, ನಕ್ಷತ್ರ ಗೊತ್ತಿಲ್ಲವಂತೆ’ ಎಂದಳು.

‘ಸಾಕು, ಸಾಕು, ಉಳಿದದ್ದನ್ನು ಭಟ್ಟರು ಪಂಚಾಂಗ ನೋಡಿ ಹೇಳುತ್ತಾರೆ’ ಎಂದ ಅಜ್ಜಿ, ಬೋರ್ಡಿಂಗ್ ಪಾಸಿನ ಹಿಂದೆ ಆ ತಾರೀಕನ್ನು ನನ್ನಿಂದಲೇ ಬರೆಸಿಕೊಂಡು, ಮಡಚಿ ಚೀಲದೊಳಗೆ ಹಾಕಿಕೊಂಡರು. ಹಿಂದೆ ನಿಂತಿದ್ದವರು ಬೇಗ ಇಳಿಯಿರಿ ಎಂದು ಗೊಣಗುತ್ತಿದ್ದರು.